ಒಂದೇ ಕಡೆಗೆ ಬಿಗಿಯುವ ಬೆಣೆ

ಸೆಲ್ಫ್ ಗುಂಡಿ ಒತ್ತಿದರೆ ಮೋಟಾರು ಝುಂಯ್ ಎಂದು ತಿರುಗುತ್ತದೆ, ಎಂಜಿನ್ ಮಾತ್ರ ಮಿಸುಕುವುದಿಲ್ಲ. ಇನ್ನೊಮ್ಮೆ ಒತ್ತಿದರೆ ಒಳಗೆಲ್ಲೋ ಕರಕರ ಸದ್ದು. ಎಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಹೀಗೆ ಐದಾರು ಸಲ ಸತಾಯಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಗಾಡಿ ಸ್ಟಾರ್ಟ್ ಆಗುತ್ತದೆ. ಹಳೆಯ ಜಪಾನಿ ಬೈಕು ಸಾಕಿದವರಿಗೆ ಈ ಲಕ್ಷಣ ಹೊಸದಲ್ಲ. ಬ್ಯಾಟರಿ ಸತ್ತಿದ್ದರೆ ಮೋಟಾರೇ ತಿರುಗುತ್ತಿರಲಿಲ್ಲ, ರಿಲೇ ಟಕ್ ಎಂದು ಸುಮ್ಮನಾಗುತ್ತಿತ್ತು. ಮೋಟಾರು ತಿರುಗಿಯೂ ಎಂಜಿನ್ ತಿರುಗಲಿಲ್ಲವೆಂದರೆ ಎರಡರ ನಡುವಿನ ಕೊಂಡಿ ಜಾರುತ್ತಿದೆ ಎಂದೇ ಅರ್ಥ. ಆ ಕೊಂಡಿಯ ಹೆಸರು ಸ್ಟಾರ್ಟರ್ ಕ್ಲಚ್.

ಈ ಅಧ್ಯಾಯಕ್ಕೆ ನಾನು ಆರಿಸಿಕೊಂಡಿರುವ ಗಾಡಿ 1968ರಿಂದ 1973ರವರೆಗೆ ಹೋಂಡಾ ತಯಾರಿಸಿದ ಸಿಬಿ 350. ಎರಡು ಸಿಲಿಂಡರ್, 325 ಸಿಸಿ. ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾದ ಇದು ಈಗಲೂ ಅಲ್ಲಿನ ಗ್ಯಾರೇಜುಗಳಲ್ಲಿ ಜೀವ ಹಿಡಿದುಕೊಂಡಿದೆ. 2020ರಲ್ಲಿ ನಮ್ಮ ರಸ್ತೆಗಿಳಿದ ಹೈನೆಸ್ ಸಿಬಿ 350 ಒಂದೇ ಸಿಲಿಂಡರಿನ ಬೇರೆ ಗಾಡಿ, ಹೆಸರಷ್ಟೇ ಹಳೆಯದು. ಇನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳಿಗೆ ಈ ಕಾಯಿಲೆಯೇ ಇಲ್ಲ. ಸೆಲ್ಫ್ ಇದ್ದರಲ್ಲವೆ ಅದರ ಕ್ಲಚ್ ಕೆಡುವುದು!

ವಿದ್ಯುತ್ತಿನಿಂದ ಎಂಜಿನ್ ಎಬ್ಬಿಸುವ ಆಸೆ ಹಳೆಯದು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಎರಡೇ ವರ್ಷಕ್ಕೆ ಅಮೆರಿಕದ ಇಂಡಿಯನ್ ಕಂಪನಿ ‘ಹೆಂಡಿ ಸ್ಪೆಷಲ್’ ಎಂಬ ಬೈಕಿಗೂ ಅದನ್ನು ಜೋಡಿಸಿತು. ಆಗಿನ ಬ್ಯಾಟರಿಗಳು ಆ ಭಾರ ತಡೆಯಲಿಲ್ಲ, ಪ್ರಯೋಗ ಮಗುಚಿತು. ಬೈಕಿನಲ್ಲಿ ಸೆಲ್ಫ್ ಎಂಬುದು ದಿನಬಳಕೆಯ ವಸ್ತುವಾಗಲು ಇನ್ನೂ ನಾಲ್ಕೈದು ದಶಕ ಬೇಕಾಯಿತು. ಅದನ್ನು ಸಾಮಾನ್ಯರ ಕೈಗೆ ತಂದವರಲ್ಲಿ ಹೋಂಡಾದ್ದೇ ದೊಡ್ಡ ಪಾಲು.

ಬ್ಯಾಟರಿಯ ಜೊತೆಗೆ ಇನ್ನೊಂದು ತೊಡಕೂ ಇತ್ತು. ಪುಟ್ಟ ಮೋಟಾರೊಂದು ಎಂಜಿನನ್ನು ತಿರುಗಿಸಬೇಕಾದರೆ ಅದರ ವೇಗವನ್ನು ಇಳಿಸಿ ಬಲವನ್ನು ಏರಿಸಬೇಕು. ಈ ಇಳಿತ ಹತ್ತು ಪಟ್ಟು ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 300 ಸುತ್ತು ತಿರುಗಲು ಮೋಟಾರು 3,000 ಸುತ್ತಬೇಕು, ಇದರಲ್ಲಿ ತೊಂದರೆಯಿಲ್ಲ. ಆದರೆ ಎಂಜಿನ್ ಎದ್ದ ಮೇಲೆ? ಸಿಬಿ 350 ತನ್ನ ಪೂರ್ಣ ಶಕ್ತಿ ತೋರುವುದೇ 10,500 ಸುತ್ತಿನಲ್ಲಿ. ಕೊಂಡಿ ಬಿಡಿಸಿಕೊಳ್ಳದಿದ್ದರೆ ಮೋಟಾರು ಲಕ್ಷ ಸುತ್ತು ಮೀರಿ, ಅದರ ಸುರುಳಿಗಳು ಕಿತ್ತು ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗಿ ಮೋಟಾರು ಎಂಜಿನನ್ನು ತಿರುಗಿಸಬೇಕು, ಎಂಜಿನ್ ಮೋಟಾರನ್ನು ತಿರುಗಿಸಕೂಡದು. ಸೈಕಲ್ಲಿನ ಫ್ರೀವೀಲ್ ಮಾಡುವ ಕೆಲಸವೂ ಇದೇ. ಆದರೆ ಅಲ್ಲಿ ಹಲ್ಲುಗಳಿವೆ, ಹಲ್ಲಿಗೆ ಸಿಕ್ಕುವ ನಾಲಗೆಗಳಿವೆ, ಇಳಿಜಾರಿನಲ್ಲಿ ಕೇಳುವ ಟಿಕಟಿಕ ಅವುಗಳದ್ದು. ಸ್ಟಾರ್ಟರ್ ಕ್ಲಚ್ಚಿನಲ್ಲಿ ಹಲ್ಲೇ ಇಲ್ಲ. ಎಲ್ಲವೂ ನುಣುಪು ಉಕ್ಕು, ಮೇಲಾಗಿ ಎಣ್ಣೆಯಲ್ಲಿ ತೊಯ್ದದ್ದು. ಆದರೂ ಹಿಡಿಯುತ್ತದೆ.

ಹೇಗೆ? ಎಂಜಿನ್ನಿನ ಎಡಗಡೆ, ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಆಲ್ಟರ್ನೇಟರಿನ ರೋಟರ್ ಕೂತಿದೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಮ್ಯಾಗ್ನೆಟ್’. ಅದರ ಬೆನ್ನಿಗೆ ಮೂರು ತಿರುಪುಗಳಿಂದ ಬಿಗಿದ ಒಂದು ಬಿಲ್ಲೆ. ಬಿಲ್ಲೆಯಲ್ಲಿ ಮೂರು ಗೂಡು, ಪ್ರತಿ ಗೂಡಿನಲ್ಲಿ ಒಂದು ಉಕ್ಕಿನ ರೋಲರ್, ಅದನ್ನು ಹಿಂದಿನಿಂದ ತಳ್ಳುವ ಟೋಪಿ ಮತ್ತು ಸ್ಪ್ರಿಂಗು. ನಡುವಿನ ತೂತಿನಲ್ಲಿ ಸ್ಟಾರ್ಟರ್ ಚೈನಿನ ಸ್ಪ್ರಾಕೆಟ್ಟಿನ ಕುತ್ತಿಗೆ ಕೂರುತ್ತದೆ. ಗೂಡಿನ ಮೇಲ್ಗೋಡೆ ಒಂದು ಕಡೆಗೆ ತುಸು ಇಳಿಜಾರು. ಅಂದರೆ ಗೋಡೆಗೂ ಕುತ್ತಿಗೆಗೂ ನಡುವಿನ ಸಂದು ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಮೋಟಾರು ಕುತ್ತಿಗೆಯನ್ನು ತಿರುಗಿಸಿದಾಗ ರೋಲರ್ ಕಿರಿದಾದ ಕಡೆಗೆ ಉರುಳಿ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆ, ರೋಲರ್, ಬಿಲ್ಲೆ ಮೂರೂ ಒಂದಾಗಿ ತಿರುಗುತ್ತವೆ. ಎಂಜಿನ್ ಎದ್ದು ಬಿಲ್ಲೆಯೇ ಮುಂದೋಡಿದರೆ ರೋಲರ್ ಅಗಲದ ಕಡೆಗೆ ಉರುಳಿ ಸಡಿಲವಾಗುತ್ತದೆ. ಗುದ್ದಲಿಯ ಕಾವಿಗೆ ಹೊಡೆಯುವ ಬೆಣೆಯನ್ನು ನೆನಪಿಸಿಕೊಳ್ಳಿ, ಇದು ಉರುಳುವ ಬೆಣೆ.

ಇಲ್ಲಿನ ಲೆಕ್ಕ ಸೊಗಸಾಗಿದೆ. ಹಲಗೆಯ ಮೇಲೊಂದು ವಸ್ತು ಇಟ್ಟು ಹಲಗೆಯನ್ನು ನಿಧಾನಕ್ಕೆ ಓರೆ ಮಾಡಿದರೆ, ಒಂದು ಕೋನದವರೆಗೆ ವಸ್ತು ಅಲುಗುವುದಿಲ್ಲ. ಅದೇ ಘರ್ಷಣೆಯ ಕೋನ. ಎಣ್ಣೆ ಸವರಿದ ಉಕ್ಕಿನ ಮೇಲೆ ಉಕ್ಕಿಟ್ಟರೆ ಘರ್ಷಣಾಂಕ ಸುಮಾರು 0.1, ಅದಕ್ಕೆ ಹೊಂದುವ ಕೋನ 6 ಡಿಗ್ರಿಗೆ ತುಸು ಕಡಿಮೆ. ಸಿಕ್ಕಿಕೊಂಡ ರೋಲರ್ ಮೇಲೆ ಮುಖ್ಯವಾಗಿ ಬೀಳುವುದು ಎರಡು ಬಲ: ಮೇಲಿನ ಗೋಡೆಯದು, ಕೆಳಗಿನ ಕುತ್ತಿಗೆಯದು. ರೋಲರ್ ಸ್ಥಿರವಾಗಿರಬೇಕಾದರೆ ಇವೆರಡೂ ಒಂದೇ ಗೆರೆಯಲ್ಲಿ ಎದುರುಬದುರಾಗಿ ಒತ್ತಬೇಕು. ಆಗ ಪ್ರತಿ ಬಲವೂ ತನ್ನ ಮೇಲ್ಮೈಯ ನೇರ ಲಂಬದಿಂದ ಓರೆಯಾಗುವುದು ಬೆಣೆಯ ಕೋನದ ಸರಿಯಾಗಿ ಅರ್ಧದಷ್ಟು. ಈ ಅರ್ಧಕೋನ ಘರ್ಷಣೆಯ ಕೋನಕ್ಕಿಂತ ಕಡಿಮೆಯಿದ್ದರೆ ರೋಲರ್ ಜಾರದು. ಗಮನಿಸಿ, ಈ ಷರತ್ತಿನಲ್ಲಿ ಬಲದ ಪ್ರಮಾಣದ ಮಾತೇ ಇಲ್ಲ. ಒಂದು ಕಿಲೋ ಹೇರಿ, ನೂರು ಕಿಲೋ ಹೇರಿ, ಅನುಪಾತ ಬದಲಾಗುವುದಿಲ್ಲ. ನೀವು ಹೆಚ್ಚು ತಿರುಚಿದಷ್ಟೂ ರೋಲರ್ ತಾನೇ ಹೆಚ್ಚು ಒತ್ತಿಕೊಳ್ಳುತ್ತದೆ. ಜಾರುವ ಕ್ಲಚ್ಚಿಗೆ ಎಣ್ಣೆಯನ್ನು ಮಾತ್ರ ದೂರುವವರು ಇದನ್ನು ಮರೆಯುತ್ತಾರೆ: ಕೋನ ಸರಿಯಿದ್ದರೆ ಎಣ್ಣೆಯಿದ್ದೂ ಹಿಡಿಯುವಂತೆಯೇ ಇದನ್ನು ಕಟ್ಟಿದ್ದಾರೆ.

ಆ ಒತ್ತಡಕ್ಕೊಂದು ಬೆಲೆಯಿದೆ. ಅರ್ಧಕೋನ 4 ಡಿಗ್ರಿ ಎಂದಿಟ್ಟುಕೊಂಡರೆ ಒತ್ತುವ ಬಲ ತಿರುಗಿಸುವ ಬಲದ 14 ಪಟ್ಟು. ಲೆಕ್ಕದ ಅನುಕೂಲಕ್ಕೆ ಕುತ್ತಿಗೆಯ ತ್ರಿಜ್ಯ 25 ಮಿ.ಮೀ., ತಿರುಚುಬಲ 30 ನ್ಯೂಟನ್ ಮೀಟರ್ ಎನ್ನೋಣ. ಪರಿಧಿಯಲ್ಲಿ 1,200 ನ್ಯೂಟನ್, ಒಂದೊಂದು ರೋಲರಿಗೆ 400. ಹದಿನಾಲ್ಕು ಪಟ್ಟೆಂದರೆ 5,600 ನ್ಯೂಟನ್, ಅರ್ಧ ಟನ್ನಿಗೂ ಮಿಗಿಲು. ಇಷ್ಟೂ ಬೀಳುವುದು ಒಂದು ಸೆಂಟಿಮೀಟರ್ ಆಸುಪಾಸಿನ ಉದ್ದದ, ಕೂದಲಿನಂಥ ಗೆರೆಯ ಮೇಲೆ. ದುಂಡು ಮೈಗಳು ಹೀಗೆ ಒತ್ತಿಕೊಂಡಾಗ ಒಳಗೇನಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ 1882ರಲ್ಲಿ ಪ್ರಕಟಿಸಿದವರು ಹೈನ್ರಿಕ್ ಹರ್ಟ್ಜ್, ಮುಂದೆ ರೇಡಿಯೋ ತರಂಗಗಳನ್ನು ತೋರಿಸಿಕೊಟ್ಟ ಅದೇ ಹರ್ಟ್ಜ್. ರೋಲರನ್ನು ಮೆದು ಉಕ್ಕಿನಿಂದ ಮಾಡಲಾಗದು ಎಂಬುದು ಅವರ ಲೆಕ್ಕದಿಂದಲೇ ಹೊರಡುವ ತೀರ್ಪು. ಬೋಲ್ಟ್ ಕತ್ತರಿಸಿ ರೋಲರ್ ಮಾಡಿ ಹಾಕುವ ಜುಗಾಡು ಕೆಲವೇ ಸ್ಟಾರ್ಟುಗಳಲ್ಲಿ ಚಪ್ಪಟೆಯಾಗುವುದೂ ಇದಕ್ಕೇ.

ಇನ್ನು ಸ್ಪ್ರಿಂಗು. ಅದರ ಕೆಲಸ ಹಿಡಿಯುವುದಲ್ಲ, ರೋಲರನ್ನು ಕುತ್ತಿಗೆಗೆ ತಾಗಿಸಿಡುವುದಷ್ಟೇ. ತಾಗಿದ ಮೇಲೆ ಉಳಿದದ್ದನ್ನು ಬೆಣೆ ನೋಡಿಕೊಳ್ಳುತ್ತದೆ. ಹಾಗಾದರೆ ಗಟ್ಟಿ ಸ್ಪ್ರಿಂಗು ಹಾಕಿದರೆ ಒಳ್ಳೆಯದಲ್ಲವೆ? ಅಲ್ಲ. ರೋಲರಿನ ತೂಕ ಸುಮಾರು 7 ಗ್ರಾಂ. ಅದು ಕೇಂದ್ರದಿಂದ 30 ಮಿ.ಮೀ. ದೂರದಲ್ಲಿ ಸುತ್ತುತ್ತಿದೆ ಎನ್ನಿ. 6,000 ಸುತ್ತಿನಲ್ಲಿ ಅದನ್ನು ಹೊರಕ್ಕೆಸೆಯುವ ಬಲ ಎಂಟೂವರೆ ಕಿಲೋ ಭಾರಕ್ಕೆ ಸಮ! ಸ್ಪ್ರಿಂಗನ್ನು ಹಿಂದೊತ್ತಿ, ರೋಲರ್ ಕುತ್ತಿಗೆಯನ್ನು ಬಿಟ್ಟು ಮೇಲೇರಿ, ಗೂಡಿನ ಅಗಲದ ಮೂಲೆಯಲ್ಲಿ ಕೂತುಬಿಡುತ್ತದೆ. ಓಡುವಾಗ ಸವೆತವೇ ಇಲ್ಲ. ಸ್ಟಾರ್ಟ್ ಮಾಡುವಾಗಿನ 300 ಸುತ್ತಿನಲ್ಲೋ, ಅದೇ ಬಲ ಬರೇ 21 ಗ್ರಾಂ. ಸ್ಪ್ರಿಂಗು ಈ 21 ಗ್ರಾಮನ್ನು ಗೆಲ್ಲಬೇಕು, ಎಂಟೂವರೆ ಕಿಲೋಗೆ ಸೋಲಬೇಕು. ಬೇರೆ ಯಾವ ಸ್ವಿಚ್ಚೂ ಇಲ್ಲದೆ ಎಂಜಿನ್ನಿನ ವೇಗವೇ ಕ್ಲಚ್ಚನ್ನು ಬಿಡಿಸುವ ಈ ಜಾಣತನ ಇಡೀ ಗಾಡಿಯಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದ ಸಂಗತಿ. ಅತಿ ಗಟ್ಟಿ ಸ್ಪ್ರಿಂಗು ಹಾಕಿದವರು ಇದನ್ನೇ ಕೆಡಿಸುತ್ತಾರೆ. ಬಾಲ್‌ಪೆನ್ನಿನ ಸ್ಪ್ರಿಂಗು ಹಾಕಿದವರು ಇನ್ನೊಂದು ತುದಿಯಲ್ಲಿ ಎಡವುತ್ತಾರೆ. ಹಳೆಯ ಸ್ಪ್ರಿಂಗನ್ನೇ ಎಳೆದು ಉದ್ದ ಮಾಡಿದರೆ ಕೆಲದಿನ ನಡೆಯುತ್ತದೆ. ಸ್ಥಿತಿಸ್ಥಾಪಕತೆಯ ಮಿತಿ ದಾಟಿ ಎಳೆದ ಉಕ್ಕು ಒತ್ತಡ ಬಿದ್ದಂತೆ ಮತ್ತೆ ಕುಗ್ಗುತ್ತದೆ.

ಈಗ ಬಿಚ್ಚುವ ಮಾತು. ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ವೈರು ಕಳಚುವುದು. ಎಡಗಡೆಯ ಕವರ್ ತೆಗೆಯುವಾಗ ಒಂದಿಷ್ಟು ಎಣ್ಣೆ ಸುರಿಯುತ್ತದೆ, ಕೆಳಗೆ ತಟ್ಟೆಯಿಡಿ. ರೋಟರಿನ ನಡುವಿನ ಬೋಲ್ಟನ್ನು ತಿರುಗಿಸಲು ಹೋದರೆ ಎಂಜಿನ್ನೇ ತಿರುಗುತ್ತದೆ. ಅದನ್ನು ಹಿಡಿದಿಡುವ ವಿಶೇಷ ಸಾಧನ ಬೇಕಿಲ್ಲ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಬ್ರೇಕನ್ನು ಗೆಳೆಯನೊಬ್ಬ ಗಟ್ಟಿಯಾಗಿ ತುಳಿದರೆ ಸಾಕು, ಚೈನು ಮತ್ತು ಗೇರ್‌ಬಾಕ್ಸಿನ ಮೂಲಕ ಕ್ರ್ಯಾಂಕ್ ನಿಲ್ಲುತ್ತದೆ.

ಬೋಲ್ಟ್ ಬಂದರೂ ರೋಟರ್ ಬರುವುದಿಲ್ಲ. ಎಳೆದರೂ ಇಲ್ಲ, ಅಲುಗಿಸಿದರೂ ಇಲ್ಲ. ಇಲ್ಲಿ ಎರಡನೆಯ ಬೆಣೆ ಎದುರಾಗುತ್ತದೆ. ಕ್ರ್ಯಾಂಕಿನ ತುದಿ ಸ್ವಲ್ಪವೇ ಚೂಪಾಗುವ ಶಂಕುವಿನಾಕಾರ. ರೋಟರಿನ ತೂತೂ ಹಾಗೆಯೇ. ಆ ಓರೆ ಘರ್ಷಣೆಯ ಕೋನಕ್ಕಿಂತ ಕಡಿಮೆ ಇರುವುದರಿಂದ ಒಮ್ಮೆ ಬಿಗಿದದ್ದು ಬೋಲ್ಟ್ ಇಲ್ಲದೆಯೂ ಕಚ್ಚಿಕೊಂಡಿರುತ್ತದೆ. ಲೇತ್ ಅಂಗಡಿಗಳಲ್ಲಿ ಡ್ರಿಲ್ಲುಗಳನ್ನು ಹಿಡಿಯುವ ಮೋರ್ಸ್ ಟೇಪರ್ ನಿಂತಿರುವುದೂ ಇದೇ ತತ್ವದ ಮೇಲೆ. ಕ್ಲಚ್ಚಿನ ರೋಲರ್ ಹಿಡಿಯಬೇಕಾದಲ್ಲಿ ಹಿಡಿಯದಿರುವುದು, ರೋಟರ್ ಬಿಡಬೇಕಾದಲ್ಲಿ ಬಿಡದಿರುವುದು, ಎರಡು ಸಂಕಟಕ್ಕೂ ಲೆಕ್ಕ ಒಂದೇ.

ಇದಕ್ಕೆ ಪುಲ್ಲರ್ ಎಂಬ ಸಾಧನವನ್ನು ಮಾರುತ್ತಾರೆ. ಅದಿಲ್ಲದವರು ಸುತ್ತಿಗೆ ಎತ್ತುತ್ತಾರೆ, ದಯವಿಟ್ಟು ಬೇಡ. ರೋಟರಿನೊಳಗೆ ಶಾಶ್ವತ ಅಯಸ್ಕಾಂತಗಳಿವೆ, ಮೈಮೇಲೆ ಬಿದ್ದ ಪೆಟ್ಟಿಗೆ ಅವು ಬಿರುಕು ಬಿಡಬಹುದು, ಬಲ ಕುಂದಬಹುದು. ಕ್ರ್ಯಾಂಕಿನ ಬೇರಿಂಗಿಗೂ ಪೆಟ್ಟು ತಪ್ಪಿದ್ದಲ್ಲ. ರೋಟರಿನ ಬಾಯಲ್ಲಿ ಒಳಥ್ರೆಡ್ ಇದೆ: 16 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್. ಅದೇ ಥ್ರೆಡ್ಡಿನ ಉಕ್ಕಿನ ಕಡ್ಡಿಯೊಂದು ಗಾಡಿಯಲ್ಲೇ ಇದೆ, ಹಿಂಚಕ್ರದ ಆಕ್ಸಲ್! ಹೋಂಡಾದ ಆ ಕಾಲದ ಹಲವು ಅವಳಿ ಸಿಲಿಂಡರ್ ಗಾಡಿಗಳ ಮಾಲೀಕರು ಇದನ್ನೇ ಪುಲ್ಲರ್ ಮಾಡಿಕೊಂಡಿದ್ದಾರೆ. ಅಂದಮೇಲೆ ಕೆಲಸದ ಅನುಕ್ರಮ ತಪ್ಪಬಾರದು. ಹಿಂದಿನ ಬ್ರೇಕ್ ಬೇಕಾಗುವುದು ಬೋಲ್ಟ್ ಸಡಿಲಿಸಲು, ಆದ್ದರಿಂದ ಅದು ಮೊದಲು. ಆಮೇಲೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲಿಟ್ಟು ಆಕ್ಸಲ್ ಹೊರಗೆ.

ಆಕ್ಸಲನ್ನು ಮೊದಲು ಬರಿಗೈಯಲ್ಲೇ ಕೊನೆವರೆಗೂ ತಿರುಗಿಸಿ. ಕೈಗೆ ಬಗ್ಗದಿದ್ದರೆ ಥ್ರೆಡ್ ಬೇರೆ ಎಂದು ತಿಳಿದು ಅಲ್ಲೇ ನಿಲ್ಲಿಸಿ. ಹಾರ್ಡ್‌ವೇರ್ ಅಂಗಡಿಯ 16 ಮಿ.ಮೀ. ಬೋಲ್ಟ್ ಸಾಮಾನ್ಯವಾಗಿ 2 ಮಿ.ಮೀ. ಪಿಚ್ಚಿನದು, ಅದನ್ನು ಒತ್ತಾಯದಿಂದ ತೂರಿಸಿದರೆ ರೋಟರಿನ ಥ್ರೆಡ್ ಹಾಳಾಗಿ, ಆಮೇಲೆ ನಿಜವಾದ ಪುಲ್ಲರೂ ಹಿಡಿಯುವುದಿಲ್ಲ. ಕ್ರ್ಯಾಂಕಿಗೆ ತಾಗುವ ತುದಿಗೆ ಸ್ವಲ್ಪ ಗ್ರೀಸು ಹಚ್ಚಿ.

ಥ್ರೆಡ್ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು, ಅಂದರೆ ಮೂರನೆಯ ಬೆಣೆ. 30 ಸೆಂ.ಮೀ. ಹಿಡಿಕೆಯ ಸ್ಪಾನರ್ ಒಂದು ಸುತ್ತಿಗೆ 1,885 ಮಿ.ಮೀ. ಚಲಿಸಿದರೆ ಆಕ್ಸಲ್ ಮುಂದೆ ಹೋಗುವುದು ಒಂದೂವರೆ ಮಿ.ಮೀ. ಅಂದರೆ 1,250 ಪಟ್ಟಿಗೂ ಹೆಚ್ಚು ಲಾಭ. ನೀವು 20 ಕಿಲೋ ಬಲ ಹಾಕಿದರೆ ತುದಿಯಲ್ಲಿ 25 ಟನ್ ಸಿಗಬೇಕಿತ್ತು. ಸಿಗುವುದು ಸುಮಾರು ಎರಡು ಟನ್. ಉಳಿದದ್ದೆಲ್ಲ ಘರ್ಷಣೆಯ ಪಾಲು. ನಷ್ಟವೆಂದು ಹಲುಬಬೇಕಾಗಿಲ್ಲ, ಆ ಘರ್ಷಣೆ ಇಲ್ಲದಿದ್ದರೆ ಜಗತ್ತಿನ ಬೋಲ್ಟುಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಬಿಗಿ ಹಾಕಿ, ಆಕ್ಸಲಿನ ಹೊರತುದಿಗೆ ಸುತ್ತಿಗೆಯಿಂದ ಒಂದು ಹಗುರ ಪೆಟ್ಟು ಕೊಡಿ. ಬರದಿದ್ದರೆ ಇನ್ನಷ್ಟು ಬಿಗಿ, ಇನ್ನೊಂದು ಪೆಟ್ಟು. ‘ಟಣ್’ ಎಂದು ರೋಟರ್ ಬಿಟ್ಟುಕೊಳ್ಳುತ್ತದೆ. ಇಲ್ಲಿ ಸುತ್ತಿಗೆಯ ಪಾತ್ರ ಕಂಪನ ಕೊಡುವುದು ಮಾತ್ರ, ಬಲ ಕೊಡುವುದು ಥ್ರೆಡ್ಡು. ಹೊರಬಂದ ರೋಟರನ್ನು ಸ್ವಚ್ಛ ಬಟ್ಟೆಯ ಮೇಲಿಡಿ. ಅಯಸ್ಕಾಂತಕ್ಕೆ ಅಂಟಿದ ಒಂದು ಕಬ್ಬಿಣದ ಚೂರು ಸಾಕು ಮುಂದೆ ಅವಾಂತರಕ್ಕೆ. ಶಾಫ್ಟಿನಲ್ಲಿ ಅರ್ಧಚಂದ್ರದಂಥ ಪುಟ್ಟ ಕೀ ಇದ್ದರೆ ಬಿದ್ದುಹೋಗದಂತೆ ತೆಗೆದಿಡಿ.

ಈಗ ಕ್ಲಚ್ ನಿಮ್ಮ ಕೈಯಲ್ಲಿದೆ. ಬಿಚ್ಚುವ ಮುಂಚೆ ಒಂದು ಪರೀಕ್ಷೆ: ರೋಟರನ್ನು ಹಿಡಿದು ಸ್ಪ್ರಾಕೆಟನ್ನು ಎರಡೂ ಕಡೆಗೆ ತಿರುಗಿಸಿ ನೋಡಿ. ಒಂದು ಕಡೆ ಸಲೀಸು, ಇನ್ನೊಂದು ಕಡೆ ಕೂಡಲೇ ಬಿಗಿ, ಹೀಗಿರಬೇಕು. ತಡವಾಗಿ ಹಿಡಿದರೆ, ಇಲ್ಲವೇ ಒಮ್ಮೆ ಹಿಡಿದು ಒಮ್ಮೆ ಜಾರಿದರೆ ಒಳಗೆ ನೋಡಲೇಬೇಕು. ಅನೇಕ ಸಲ ದೊಡ್ಡ ದೋಷವೇನೂ ಇರುವುದಿಲ್ಲ. ಸಿಬಿ 350ಗೆ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಸುತ್ತಿ ಸುತ್ತಿ ಕೊಳೆಯನ್ನು ಅಂಚಿಗೆಸೆಯುವ ಬಟ್ಟಲಷ್ಟೇ ಇರುವುದು. ಆ ಬಟ್ಟಲನ್ನು ವರ್ಷಗಟ್ಟಲೆ ಯಾರೂ ತೊಳೆದಿರದಿದ್ದರೆ, ಎಣ್ಣೆ ಅಂಟಾಗಿ ಸ್ಪ್ರಿಂಗಿನ ಟೋಪಿ ತನ್ನ ತೂತಿನಲ್ಲೇ ಸಿಕ್ಕಿಕೊಂಡಿರುತ್ತದೆ. ಸ್ಪ್ರಿಂಗು ತಳ್ಳುವುದಿಲ್ಲ, ರೋಲರ್ ತಾಗುವುದಿಲ್ಲ, ಬೆಣೆ ಶುರುವೇ ಆಗುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಎಂಜಿನ್ ಆಯಿಲ್ ಸವರಿ ಜೋಡಿಸಿದರೆ ಕೆಲಸ ಮುಗಿಯಿತು.

ಮುಗಿಯದಿದ್ದರೆ ಒಂದು ಗಾಜಿನ ತುಂಡು ತನ್ನಿ. ಅದನ್ನು ಓರೆಯಾಗಿ ಹಿಡಿದು ರೋಲರುಗಳನ್ನು ಒಂದೊಂದಾಗಿ ಉರುಳಿಸಿ. ಸರಿಯಿದ್ದದ್ದು ಸದ್ದಿಲ್ಲದೆ ಉರುಳುತ್ತದೆ. ಒಂದು ಬದಿ ಚಪ್ಪಟೆಯಾದದ್ದು ತಡವರಿಸುತ್ತದೆ. ಗಾಜಿನ ಹಿಂದೆ ದೀಪವಿಟ್ಟರೆ ರೋಲರ್ ಕೆಳಗೆ ಬೆಳಕು ನುಸುಳುವ ಜಾಗವೂ ಕಾಣುತ್ತದೆ. ವರ್ನಿಯರ್ ಇದ್ದರೆ ಅಳೆಯಿರಿ. ಒಂದೇ ಕೆಟ್ಟಿದ್ದರೂ ಮೂರನ್ನೂ ಬದಲಿಸುವುದು ಲೇಸು. ಮೂರೂ ಸಮನಾಗಿ ಒತ್ತಿದಾಗ ಬಲಗಳು ಒಂದನ್ನೊಂದು ತೂಗಿಸಿ ಕುತ್ತಿಗೆಯನ್ನು ನಡುವಿನಲ್ಲಿಡುತ್ತವೆ. ಒಂದು ಸೋತರೆ ಉಳಿದೆರಡು ಅದನ್ನು ಪಕ್ಕಕ್ಕೆ ದೂಡುತ್ತವೆ. ಗೂಡಿನ ಗೋಡೆಯ ಮೇಲೆ ಬೆರಳಾಡಿಸಿ. ರೋಲರ್ ಕೂತಲ್ಲಿ ಗುಳಿ ಬಿದ್ದಿದ್ದರೆ ಆ ಗುಳಿಯ ಅಂಚಿನಲ್ಲಿ ಇಳಿಜಾರು ಕಡಿದಾಗಿರುತ್ತದೆ, ಕೋನದ ಲೆಕ್ಕ ತಪ್ಪುತ್ತದೆ. ಉಗುರಿಗೆ ಸಿಗದಷ್ಟು ಸಣ್ಣ ಗುರುತಾದರೆ ನುಣ್ಣನೆಯ ಎಮರಿ ಪೇಪರ್ ಸಾಕು. ಉಗುರು ಸಿಕ್ಕಿಬೀಳುವ ಗುಳಿಯಾದರೆ ಬಿಲ್ಲೆಯನ್ನೇ ಬದಲಿಸಬೇಕು. ಉಜ್ಜಿ ಗೆಲ್ಲುತ್ತೇನೆಂಬ ಹಟ ಬೇಡ, ಗಡುಸಾದ ಮೇಲ್ಪದರ ಸವೆದು ಕೆಳಗಿನ ಮೆದು ಉಕ್ಕು ಹೊರಬರುತ್ತದೆ.

ಬಿಲ್ಲೆಯನ್ನು ಹಿಡಿದ ಆ ಮೂರು ತಿರುಪುಗಳೇ ಕೆಲವೊಮ್ಮೆ ಇಡೀ ಕೆಲಸಕ್ಕಿಂತ ಕಷ್ಟ ಕೊಡುತ್ತವೆ. ತಲೆಯ ಮೇಲಿನ ಕೂಡುಗೀರು ಫಿಲಿಪ್ಸ್‌ನಂತೆ ಕಂಡರೂ ಜಪಾನಿನ ಮಾನಕದ್ದು, ಆಕಾರ ತುಸು ಬೇರೆ. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ತಳಮುಟ್ಟದೆ ಜಾರಿ, ಗೀರನ್ನು ಉರುಟು ಮಾಡಿಬಿಡುತ್ತದೆ. ತುದಿಗೆ ಚೂರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಮೆತ್ತಿ, ಹಿಡಿಕೆಯ ಹಿಂದೆ ಸುತ್ತಿಗೆಯಿಂದ ಒಂದೆರಡು ಚುರುಕಾದ ಏಟು ಕೊಟ್ಟು, ಇಡೀ ಮೈಭಾರ ಹಾಕಿ ಒತ್ತಿಕೊಂಡು ತಿರುಗಿಸಿದರೆ ಹೆಚ್ಚಿನವು ಬರುತ್ತವೆ. ಕಿಟ್ಟಗಟ್ಟಿದ್ದರೆ ಏಟಿನ ಜೊತೆಗೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಈ ರಿಪೇರಿಗೆ ಕೊಳ್ಳಲೇಬೇಕಾದ ಸಾಧನ ಯಾವುದಾದರೂ ಇದ್ದರೆ ಅದೊಂದೇ ಎಂಬುದು ನನ್ನ ಅಭಿಪ್ರಾಯ.

ತಾವಾಗಿಯೇ ಸಡಿಲಾದ ತಿರುಪುಗಳೂ ಸಿಗುತ್ತವೆ. ಕರಕರ ಸದ್ದಿಗೆ ಎಷ್ಟೋ ಸಲ ಅವೇ ಕಾರಣ. ಮತ್ತೆ ಬಿಗಿಯುವಾಗ ಥ್ರೆಡ್ ಲಾಕರ್ ಹಚ್ಚಿ. ಅಮೆರಿಕದ ರಸಾಯನ ವಿಜ್ಞಾನಿ ವರ್ನನ್ ಕ್ರೀಬಲ್ 1953ರಲ್ಲಿ ಕಂಡುಕೊಂಡ ಈ ದ್ರವದ ಸ್ವಭಾವ ವಿಚಿತ್ರ: ಗಾಳಿಯಿದ್ದಷ್ಟು ಹೊತ್ತು ನೀರಾಗಿಯೇ ಇರುತ್ತದೆ, ಲೋಹದ ನಡುವೆ ಗಾಳಿಯಿಲ್ಲದೆ ಸಿಕ್ಕಿಕೊಂಡಾಗ ಗಟ್ಟಿಯಾಗುತ್ತದೆ. ಥ್ರೆಡ್ಡಿನಲ್ಲಿ ಎಣ್ಣೆಯ ಪಸೆ ಉಳಿದರೆ ಅದು ಸರಿಯಾಗಿ ಕಚ್ಚದು. ತಿರುಪನ್ನೂ ತೂತನ್ನೂ ಥಿನ್ನರಿನಿಂದ ತೊಳೆದು ಒಣಗಿಸಿದ ಮೇಲೆಯೇ ಹಚ್ಚಬೇಕು. ಬಿಗಿದಾದ ಮೇಲೆ ತಲೆಯ ಅಂಚಿಗೆ ಪಂಚಿನಿಂದ ಒಂದು ಗುರುತು ಹೊಡೆದರೆ ಇನ್ನೂ ಭದ್ರ.

ರೋಟರನ್ನು ಮರಳಿ ಕೂರಿಸುವಾಗ ಎಣ್ಣೆಯ ವಿಷಯದಲ್ಲಿ ಉಲ್ಟಾ ನಿಯಮ. ಕ್ಲಚ್ಚಿಗೆ ಎಣ್ಣೆ ಬೇಕು, ಟೇಪರಿಗೆ ಕೂಡದು. ಎರಡೂ ಮೈಗಳನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಒಣಗಿಸಿ, ಪಕ್ಕದಲ್ಲಿ ಬೀಡಿ, ಸ್ಟೌ ಇಲ್ಲದಂತೆ ನೋಡಿಕೊಂಡು. ತಿರುಚುಬಲವನ್ನು ಹೊರುವುದು ಟೇಪರಿನ ಹಿಡಿತ. ಕೀ ಇರುವುದು ರೋಟರನ್ನು ಸರಿಯಾದ ಕೋನದಲ್ಲಿ ಕೂರಿಸಲು ಮಾತ್ರ. ಟೇಪರ್ ಸಡಿಲಾದರೆ ಕೀ ಕತ್ತರಿಸಿ ಹೋಗುತ್ತದೆ, ರೋಟರಿನ ಮೇಲಿರುವ ಟೈಮಿಂಗ್ ಗುರುತುಗಳು ಸುಳ್ಳು ಹೇಳತೊಡಗುತ್ತವೆ. ನಡುವಿನ ಬೋಲ್ಟನ್ನು ಗಾಡಿಯ ಮ್ಯಾನುಯಲ್ ಹೇಳಿದ ಅಳತೆಗೇ ಬಿಗಿಯಿರಿ. ಬ್ರೇಕ್ ಮತ್ತೆ ಬೇಕಾಗುವುದರಿಂದ, ಅದಕ್ಕೆ ಮೊದಲು ಆಕ್ಸಲ್ ತನ್ನ ಜಾಗಕ್ಕೆ ಹೋಗಿರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಗುಳಿ ಬಿದ್ದದ್ದೇಕೆ? ಬರೇ ವಯಸ್ಸಿನಿಂದಲ್ಲ. ಎಂಜಿನ್ ತಿರುಗುತ್ತಿರುವಾಗ ಕಿಡಿ ಬೇಗ ಹಾರಿದರೆ, ಇಲ್ಲವೇ ಬ್ಯಾಟರಿ ಸೋತು ಪಿಸ್ಟನ್ ಕಂಪ್ರೆಷನ್ ದಾಟಲಾರದೆ ಹಿಂದೆ ಒದೆಸಿಕೊಂಡರೆ, ಕ್ರ್ಯಾಂಕ್ ಹಿಮ್ಮುಖವಾಗಿ ತಿರುಗುತ್ತದೆ. ಆ ಹೊತ್ತಿಗೆ ಮೋಟಾರು ಮುಮ್ಮುಖವಾಗಿ ತಳ್ಳುತ್ತಿರುತ್ತದೆ. ಕ್ಲಚ್ ಬಿಡುವ ಬದಲು ಇನ್ನಷ್ಟು ಬಿಗಿಯುತ್ತದೆ, ಏಕೆಂದರೆ ಅದು ಹಿಡಿಯುವ ದಿಕ್ಕೇ ಅದು. ಹತ್ತು ಪಟ್ಟು ಇಳಿತದ ಆಚೆಗಿರುವ ಮೋಟಾರಿನ ಜಡತ್ವ ಕ್ರ್ಯಾಂಕಿಗೆ ನೂರು ಪಟ್ಟಾಗಿ ತೋರುತ್ತದೆ. ಈ ಅಡ್ಡಿಗೆ ಎಂಜಿನ್ ಒದೆಯುವ ಪೆಟ್ಟನ್ನೆಲ್ಲ ಮೂರು ರೋಲರುಗಳ ಸಣ್ಣ ಗೆರೆಗಳೇ ತಿನ್ನಬೇಕು. ಅದಕ್ಕಾಗಿ ಗಾಡಿಯನ್ನು ಎಬ್ಬಿಸುವ ಮುನ್ನ ಬ್ಯಾಟರಿಯ ವೋಲ್ಟೇಜ್ ನೋಡಿ. ವಿಶ್ರಾಂತಿಯಲ್ಲಿ 12.6ರ ಹತ್ತಿರ ಇರಬೇಕು, ಗುಂಡಿ ಒತ್ತಿದಾಗ ಹತ್ತರ ಆಸುಪಾಸಿನಲ್ಲಿ ನಿಲ್ಲಬೇಕು. ಪಾಯಿಂಟಿನ ಸಂದನ್ನೂ ಕಿಡಿಯ ಟೈಮಿಂಗನ್ನೂ ಸರಿಮಾಡಿಕೊಳ್ಳಿ. ಬ್ಯಾಟರಿ ಸೋತ ದಿನ ಗುಂಡಿಯ ಗೊಡವೆಗೆ ಹೋಗದೆ ಕಿಕ್ ಹೊಡೆಯಿರಿ, ಸಿಬಿ 350ಗೆ ಹೋಂಡಾ ಅದನ್ನೂ ಕೊಟ್ಟಿದೆ.